ಕಡಲಡಿಯ ಬೆಟ್ಟ ಮತ್ತು ಮೀನು

ಪ್ರಶ್ನೆ: ದೂರದ ಕಡಲಿನಲ್ಲಿ ನೀರಿನಡಿ ದಿಬ್ಬವಿರುವ ಕಡೆ ಮೀನು ಹೆಚ್ಚು ಸಿಗುತ್ತದೆಂದು ಮುಂಬಯಿಯ ಮೀನುಬಂದರಾದ ಸಸೂನ್ ಡಾಕ್‌ನಲ್ಲಿ ದೋಣಿಯವರೊಬ್ಬರು ಹೇಳಿದರು. ಕಣ್ಣಿಗೆ ಕಾಣದ ಬೆಟ್ಟವೊಂದು ಕಡಲಿನ ಹರಿವನ್ನು ಬದಲಿಸಬಲ್ಲುದೆ? ಮುಂಬಯಿಯ ಕಡೆ ಅಂಥವು ಇವೆಯೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇವೆ. ಮುಂಬಯಿಯ ಪಶ್ಚಿಮಕ್ಕೆ ಆಳಗಡಲಿನಲ್ಲಿ ರಾಮನ್, ಪಣಿಕ್ಕರ್, ವಾಡಿಯಾ ಎಂಬ ಬೆಟ್ಟಗಳ ಸಾಲೊಂದಿದೆ. ಪಣಿಕ್ಕರ್ ಎಂಬುದು ಗೋವೆಯ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರ ಹೆಸರು. ಆದರೆ ದೋಣಿಯವರ ಮನಸ್ಸಿನಲ್ಲಿದ್ದುದು ಬಹುಶಃ ಕೊಂಕಣ ತೀರದ ವಿಜಯದುರ್ಗದಿಂದ ಸುಮಾರು 100 ಕಿ.ಮೀ. ಪಶ್ಚಿಮಕ್ಕಿರುವ ಆಂಗ್ರಿಯಾ ದಿಬ್ಬ. ಹವಳ ಬೆಳೆದಿರುವ ಅದರ ನೆತ್ತಿ ನೀರಿನ ಮೇಲ್ಮೈಗೆ ಸಮೀಪವಾಗಿಯೇ ಇದೆ. ತಳದಿಂದ 1000 ಮೀಟರ್‌ಗಿಂತ ಎತ್ತರಕ್ಕೆದ್ದ, ಸಾಮಾನ್ಯವಾಗಿ ಜ್ವಾಲಾಮುಖಿಯಿಂದ ಹುಟ್ಟಿದ ಬೆಟ್ಟವನ್ನಷ್ಟೇ ವಿಜ್ಞಾನಿಗಳು ಸಾಗರಪರ್ವತ ಎನ್ನುವುದರಿಂದ, ಆಂಗ್ರಿಯಾ ಆ ಲೆಕ್ಕಕ್ಕೆ ಸೇರದು.

ಹರಿಯುವ ನೀರಿಗೆ ಬೆಟ್ಟ ಅಡ್ಡವಾದಾಗ ಅದು ಸುತ್ತಿ ಬಳಸಿ ವೇಗವಾಗಿ ಸಾಗುತ್ತದೆ. ಸ್ವಲ್ಪ ಭಾಗ ಇಳಿಜಾರನ್ನೇರಿ, ಆಳದ ತಣ್ಣನೆಯ, ಪೋಷಕಾಂಶಭರಿತ ನೀರನ್ನು ಮೇಲೆತ್ತುತ್ತದೆ. ಭೂಮಿಯು ತಿರುಗುತ್ತಿರುವ ಕಾರಣ, ಹರಿವು ನಿಧಾನವಾಗಿದ್ದರೆ, ನೆತ್ತಿಯ ಮೇಲೆ ನೀರಿನ ಕಂಬವೊಂದು ಸುತ್ತಲಿನ ನೀರಿನೊಡನೆ ಬೆರೆಯದೆ ಅಲ್ಲಿಯೇ ಸುಳಿಯುತ್ತಿರುವುದೂ ಉಂಟು; 1923ರಲ್ಲಿ ಜಿ. ಐ. ಟೇಲರ್ ಎಂಬ ವಿಜ್ಞಾನಿ ತಿರುಗುವ ತೊಟ್ಟಿಯಲ್ಲಿ ಇದನ್ನು ಮಾಡಿ ತೋರಿಸಿದ್ದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಇದಲ್ಲದೆ, ಉಬ್ಬರವಿಳಿತದ ನೀರು ಇಳಿಜಾರಿಗೆ ಬಡಿದಾಗ ನೀರಿನೊಳಗೇ ಅಲೆಗಳೆದ್ದು, ಅವು ಒಡೆಯುವಲ್ಲಿ ಮೇಲಿನ ನೀರೂ ಕೆಳಗಿನ ನೀರೂ ಕಲೆಯುತ್ತವೆ.

ಮೇಲೆದ್ದ ಪೋಷಕಾಂಶದಿಂದ ಪ್ಲವಕ, ಎಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಬೆಳೆದು, ಅದನ್ನು ತಿನ್ನಲು ಮೀನು ಬರುತ್ತದೆ ಎಂಬ ರೂಢಿಯ ವಿವರಣೆ ನನಗೆ ಅರ್ಧ ಸತ್ಯವಾಗಿ ಕಾಣುತ್ತದೆ. ಪ್ಲವಕ ಬೆಳೆದು ಮೀನಿನ ಬಾಯಿ ಸೇರುವಷ್ಟರಲ್ಲಿ ಹರಿವು ಅದನ್ನು ಬಹುದೂರ ಒಯ್ದಿರುತ್ತದೆ. ಮೀನು ಅಲ್ಲಿ ಸೇರಲು ಹೆಚ್ಚಿನ ಕಾರಣ ಬೇರೆಡೆ ಬೆಳೆದು ಬಂದ ಆಹಾರ. ರಾತ್ರಿ ಮೇಲೇರಿ ಮೇಯುವ ಪುಟ್ಟ ಪ್ರಾಣಿಗಳು ಹರಿವಿನೊಡನೆ ಬೆಟ್ಟದ ಮೇಲಕ್ಕೆ ಬಂದಿರುತ್ತವೆ. ಬೆಳಗಾದಾಗ ಆಳಕ್ಕಿಳಿಯಹೊರಟರೆ ನೆತ್ತಿ ಅಡ್ಡವಾಗುತ್ತದೆ, ಅಡಗಲು ಕತ್ತಲಿಲ್ಲದೆ ಅವು ಮೀನಿಗೆ ಸಿಕ್ಕಿಬೀಳುತ್ತವೆ. ಕೆಸರಿಲ್ಲದ ಗಟ್ಟಿ ಬಂಡೆಗೆ ಅಂಟಿಕೊಂಡ ಹವಳ, ಸ್ಪಂಜುಗಳಿಗಂತೂ ಹರಿವೇ ತುತ್ತು ತಂದುಕೊಡುತ್ತದೆ.

ಅರಬ್ಬೀ ಸಮುದ್ರದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಸುಮಾರು 150ರಿಂದ 1000 ಮೀಟರ್‌ವರೆಗಿನ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ನೆತ್ತಿ ಆ ಪದರದೊಳಗಿರುವ ಬೆಟ್ಟದ ಮೇಲೆ ಬೇರೆ ಸಾಗರಗಳಲ್ಲಿ ಕಾಣುವಷ್ಟು ಮೀನನ್ನು ನಿರೀಕ್ಷಿಸಲಾಗದು. ಆಂಗ್ರಿಯಾದ ನೆತ್ತಿ ಮಾತ್ರ ಆ ಪದರಕ್ಕಿಂತ ಬಹಳ ಮೇಲಿದೆ.