ಅಪ್ಪನ ಸಾಲ ನಾನೊಬ್ಬನೇ ತೀರಿಸಿ, ಆಮೇಲೆ ತಂಗಿಗೆ ಹೇಳಿದರೆ ಸಾಕಲ್ವಾ?

ಸಾಲದು. ಇವತ್ತೇ ಹೇಳಿ. ಹೇಳಿದರೆ ತಂಗಿಯ ಮನಸ್ಸು ಕೆಡುತ್ತದೆ ಎಂದು ಬರೆದಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ. ಮಹಾಳಿ (ಅಡಿಕೆಯ ಕೊಳೆರೋಗ) ಬಂದು ಫಸಲು ಉದುರಿದ ವರ್ಷ ಅಪ್ಪ ತೋಟವನ್ನು ಒಂದು ಸಹಕಾರಿ ಬ್ಯಾಂಕಿಗೆ ಗಹಾನ್ ಮಾಡಿ, ಅಂದರೆ ಸಾಲಕ್ಕೆ ಒತ್ತೆಯಾಗಿ ಬರೆದುಕೊಟ್ಟು, ಸಾಲ ತೆಗೆದಿದ್ದರು. ಅವರು ತೀರಿಕೊಂಡ ಮೇಲೆ ನೋಟಿಸು ಬಂತು, ಮಲಯಾಳದಲ್ಲಿ. ಪಕ್ಕದ ಮನೆಯವರಿಂದ ಓದಿಸಿಕೊಂಡೆ. ಅಕ್ಕ ಇರುವುದು ವಿಟ್ಲದಲ್ಲಿ. ಮದುವೆಯಾಗಿ ಹೋದವಳಿಗೆ ಸುಮ್ನೆ ಯಾಕೆ ತಲೆಬಿಸಿ ಎಂದು ಹೇಳಲಿಲ್ಲ. ಹೆಂಡತಿಯ ಚಿನ್ನ ಮಾರಿ ಕಟ್ಟುತ್ತಾ ಹೋದೆ.

ತಪ್ಪಾದದ್ದು ಇಲ್ಲಿ. ಹೇಳದೆ ಇದ್ದದ್ದು ಮಾತ್ರ ಅಲ್ಲ. ಮುಚ್ಚಿಡಬೇಕಾದ ವಿಷಯ ಒಂದು ಇದೆಯಲ್ಲ, ಅದಕ್ಕಾಗಿ ಅವಳ ಫೋನನ್ನೇ ತಪ್ಪಿಸತೊಡಗಿದೆ. ತೋಟ ಹೇಗಿದೆ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದೆ. ಷಷ್ಠಿಗೆ ಬರುತ್ತೇನೆ ಎಂದಾಗ ಕೆಲಸ ಇದೆ ಎಂದೆ. ಅವಳು ಅಂದುಕೊಂಡದ್ದು, ಅಪ್ಪ ಹೋದ ಮೇಲೆ ತಮ್ಮನಿಗೆ ತಾನು ಬೇಡವಾದೆ ಎಂದು. ಕೊನೆಗೆ ತೋಟ ಪಾಲು ಮಾಡಲು ಅವಳ ಸಹಿ ಬೇಕಾಯಿತು. ಆಗ ಋಣಭಾರ ಪತ್ರದಲ್ಲಿ ಗಹಾನ್ ಕಂಡಳು. ‘ಆಸ್ತಿಗೆ ನನ್ನ ಸಹಿ ಬೇಕು, ಸಾಲಕ್ಕೆ ನಾನು ಬೇಡ್ವಾ?’ ಎಂದಳು. ಉತ್ತರ ಇರಲಿಲ್ಲ. ಮತ್ತೆ ಬಹಳ ಕಾಲ ಮಾತಿರಲಿಲ್ಲ.

ಗಂಡುಮಗನ ಜವಾಬ್ದಾರಿ ಎಂದು ಹೆಗಲ ಮೇಲೆ ಹಾಕಿಕೊಳ್ಳಬೇಡಿ. ವೀಲುನಾಮೆ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಆಸ್ತಿಯಲ್ಲಿ ಅಮ್ಮನಿಗೆ, ನಿಮಗೆ, ತಂಗಿಗೆ ಸಮಪಾಲು. ಮಗ ಎಂಬ ಒಂದೇ ಕಾರಣಕ್ಕೆ ಅಪ್ಪನ ಸಾಲ ಮಗನ ಮೇಲೆ ಬೀಳುವ ಹಳೇ ನಿಯಮವನ್ನು ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಅಲ್ಲಿನದೇ ಬೇರೊಂದು ಕಾಯ್ದೆ ತೆಗೆದುಹಾಕಿದೆ. ನೀವೇ ಜಾಮೀನು ಹಾಕಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಅಪ್ಪನಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಹೊಣೆ. ಅಂದರೆ ಇದು ತೋಟದ ಸಾಲ. ತೋಟ ತಂಗಿಯದೂ ಹೌದು.

ಬ್ಯಾಂಕಿನಿಂದ ಬಾಕಿ ಎಷ್ಟು, ಬಡ್ಡಿ ಎಷ್ಟು ಎಂದು ಬರೆಸಿ ತನ್ನಿ. ಅದಾಲತ್ (ಬಾಕಿ ಸಾಲವನ್ನು ರಾಜಿಯಲ್ಲಿ ಮುಗಿಸುವ ಸಭೆ) ಇದ್ದರೆ ಬಡ್ಡಿ ಕಡಿಮೆ ಮಾಡುತ್ತಾರಾ ಕೇಳಿ. ಆ ಕಾಗದದ ಫೋಟೋವನ್ನು ಮೊದಲು ತಂಗಿಗೆ ಕಳಿಸಿ. ಅವಳು ತನ್ನ ಪಾಲು ಕೊಡುತ್ತೇನೆ ಎಂದರೆ ದೊಡ್ಡಸ್ತಿಕೆ ತೋರಿಸದೆ ತೆಗೆದುಕೊಳ್ಳಿ. ನನ್ನ ಅಕ್ಕ ಕೊನೆಗೆ ಕೊಟ್ಟಳು, ನಾನು ತೆಗೆದುಕೊಂಡೆ. ನಮ್ಮ ಮಾತು ಮತ್ತೆ ಶುರುವಾದದ್ದು ಅಲ್ಲಿಂದಲೇ. ಕೊಡಲು ಆಗದಿದ್ದರೆ ಅದನ್ನೂ ಅವಳ ಬಾಯಿಂದಲೇ ಕೇಳಿ, ನೀವೇ ಊಹಿಸಬೇಡಿ.

ಸಾಲದ ಲೆಕ್ಕ ಮುಗಿಯಲಿ, ಆಮೇಲೆ ಆರಾಮಾಗಿ ಮಾತಾಡೋಣ ಎಂದೂ ಕಾಯಬೇಡಿ. ಮಕ್ಕಳ ಶಾಲೆ, ಮಳೆ, ಅಮ್ಮನ ಮೊಣಕಾಲು ನೋವು ಎಂದು ಫೋನ್ ಮಾಡುತ್ತಲೇ ಇರಿ. ಪೂರ್ತಿ ಕಟ್ಟಿದ ಮೇಲೆ ತೋಟದ ಮೂಲ ಆಸ್ತಿ ಪತ್ರ ವಾಪಸು ಪಡೆಯಿರಿ, ಗಹಾನ್ ಬಿಡುಗಡೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಯಿತಾ ನೋಡಿ, ಒಂದು ಪ್ರತಿ ತಂಗಿಗೂ ಕೊಡಿ.