ರೇಟ್ ಹೇಳೋಕೆ ಬಾಯೇ ಬರದ ಕಲಾವಿದೆ

(ಹೆಸರು ಹಾಕಿಲ್ಲ, ಗುರುತು ಸಿಗೋ ವಿವರ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆ ಇದೆ.)

ಮೂವತ್ತು ದಾಟಿದ ಹೆಣ್ಣುಮಗಳು, ವಾಟರ್‌ಕಲರ್‌ನಲ್ಲಿ ಗಿಡ, ಹಕ್ಕಿ ಬರೀತಾರೆ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಮಾತಾಡ್ತಾ ಹೋದಂಗೆ ಗೊತ್ತಾಯ್ತು, ರಾತ್ರಿ ಎದ್ದೆದ್ದು ಇನ್‌ಸ್ಟಾಗ್ರಾಮ್ ನೋಡ್ತಾರೆ, ಎಷ್ಟು ಲೈಕ್ ಬಂತು, ಯಾರಾದ್ರೂ ಮೆಸೇಜ್ ಮಾಡಿದ್ರಾ ಅಂತ. "ಎಲ್ರೂ ಸೂಪರ್ ಅಂತಾರೆ ಮೇಡಂ, ತಗೊಳ್ಳೋರು ಮಾತ್ರ ಒಬ್ರೂ ಇಲ್ಲ, ಅಂದ್ರೆ ನನಗೆ ಬರೆಯೋಕೇ ಬರಲ್ಲ ಅಂತ ತಾನೆ?"

ಪೇಜ್ ತೋರಿಸಿ ಅಂದೆ. ಚಿತ್ರಗಳು ಚೆನ್ನಾಗೇ ಇದ್ವು, ಆದ್ರೆ ಒಂದರ ಕೆಳಗೂ ಸೈಜ್ ಇಲ್ಲ, ರೇಟ್ ಇಲ್ಲ, ಮಾರಾಟಕ್ಕಿದೆ ಅನ್ನೋ ಮಾತೇ ಇಲ್ಲ. ಯಾರಾದ್ರೂ ಎಷ್ಟು ಅಂತ ಕೇಳಿದ್ರೆ ಇವರು "ನಿಮಗೆ ತೋಚಿದ್ದು ಕೊಡಿ" ಅಂತ ಬರೆದಿರ್ತಾರೆ, ಆಮೇಲೆ ಆ ಕಡೆಯಿಂದ ಸುದ್ದಿನೇ ಇಲ್ಲ. ಕೇಳಿದವರ ಜಾಗದಲ್ಲಿ ನಿಂತು ನೋಡಿ ಅಂದೆ, ಕಮ್ಮಿ ಹೇಳಿದ್ರೆ ಅವಮಾನ ಮಾಡಿದಂಗಾಗುತ್ತೆ, ಜಾಸ್ತಿ ಹೇಳಿದ್ರೆ ತಾನು ಮೋಸ ಹೋದಂಗಾಗುತ್ತೆ, ಅದಕ್ಕೆ ಪಾಪ ಸುಮ್ಮನಾಗ್ತಾರೆ, ನೀವು ಅದನ್ನ ನಿಮ್ಮನ್ನೇ ಬೇಡ ಅಂದಂಗೆ ಓದ್ಕೋತಿದೀರಿ. ಅವರು ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ರು, ಮನೇಲಿ ಚಿಕ್ಕಂದಿನಿಂದ ಇದನ್ನ ಟೈಮ್‌ಪಾಸ್ ಅಂತಾನೇ ಕರೆದಿದ್ದು, ಹಾಗಾಗಿ ದುಡ್ಡು ಕೇಳೋದು ಅಂದ್ರೆ ಕೈ ಚಾಚಿದಂಗೆ ಅನ್ಸುತ್ತೆ ಅಂತ.

ನನ್ನ ಪ್ರಕಾರ ಗಂಟು ಇದ್ದಿದ್ದೇ ಇಲ್ಲಿ, ಮಾರ್ಕೆಟಿಂಗ್‌ನಲ್ಲಿ ಅಲ್ಲ. ಅದಕ್ಕೆ ಮೊದಲ ಸಲಹೆ, ರೇಟನ್ನ ಮನಸ್ಸಿಂದ ಕಿತ್ತು ಪೇಪರ್ ಮೇಲೆ ಹಾಕಿ. ಉದ್ದ ಇಂಟು ಅಗಲ, ಅದಕ್ಕೆ ಚದರ ಇಂಚಿಗೆ ಇಷ್ಟು ಅಂತ ಒಂದೇ ದರ, ಜೊತೆಗೆ ಫ್ರೇಮು, ಪ್ಯಾಕಿಂಗು, ವೆಬ್‌ಸೈಟಿನವರ ಕಮಿಷನ್ (ಕೈಕೆಲಸ ಮಾರೋ ಎಟ್ಸಿಯಂಥ ಸೈಟಲ್ಲಿ ಚಿತ್ರ ಮಾರಾಟಕ್ಕೆ ಹಾಕೋಕೆ ಲಿಸ್ಟಿಂಗ್ ಫೀ ಬೇರೆ, ಮಾರಾಟದ ಮೇಲೆ 6.5 ಪರ್ಸೆಂಟ್ ಬೇರೆ ಹಿಡ್ಕೋತಾರೆ). ಒಂದೇ ಸೈಜಿನ ಚಿತ್ರಗಳಿಗೆ ಒಂದೇ ರೇಟು, ನಿಮಗೆ ಇಷ್ಟವಾದದ್ದು ಅಂತ ಜಾಸ್ತಿ ಮಾಡೋ ಹಾಗಿಲ್ಲ, ಕೊಡೋಕೆ ಮನಸ್ಸೇ ಬರದಿದ್ರೆ ಅದನ್ನ ಮಾರಾಟಕ್ಕೇ ಇಡಬೇಡಿ. ಹಿಂಗೆ ಮಾಡಿದ್ರೆ ಯಾರಾದ್ರೂ ಚೌಕಾಸಿ ಮಾಡಿದ್ರೂ ಅದು ಲೆಕ್ಕದ ಮೇಲೆ, ನಿಮ್ಮ ಮೇಲಲ್ಲ.

ಪ್ರಾಕ್ಟೀಸೂ ಮಾಡಿದ್ವಿ. ನಾನು ಗಿರಾಕಿ, ಅವರು ರೇಟ್ ಹೇಳ್ಬೇಕು. ಹೇಳಿದ ತಕ್ಷಣ "ಜಾಸ್ತಿ ಆಯ್ತಾ?" ಅಂತ ಸೇರಿಸ್ತಿದ್ರು, ಆ ಬಾಲ ಕತ್ತರಿಸೋಕೇ ಎಷ್ಟೋ ಹೊತ್ತು ಹಿಡೀತು. ಒರಿಜಿನಲ್ ಕೊಳ್ಳೋಕೆ ಆಗದವರಿಗೆ ಪ್ರಿಂಟ್ ಇಡಿ ಅಂದೆ, ಪ್ರಿಂಟಿನ ಸೈಜಿಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಬರೋ ಹಾಗೆ ಸ್ಕ್ಯಾನ್ ಮಾಡಿಸಿ ಆ ಫೈಲ್ ನಿಮ್ಮ ಹತ್ರಾನೇ ಇಟ್ಕೊಳ್ಳಿ, ನೆಟ್‌ಗೆ ಚಿಕ್ಕದು ಸಾಕು. ಅಷ್ಟರಲ್ಲಿ ಒಬ್ಬರು ಒರಿಜಿನಲ್ ತಗೊಂಡು ಫೈಲೂ ಕಳಿಸಿ, ಟೀಶರ್ಟ್ ಮೇಲೆ ಹಾಕಿಸ್ತೀನಿ ಅಂದಿದ್ರಂತೆ, ಇವರು ಹ್ಞೂಂ ಅನ್ನೋದ್ರಲ್ಲಿದ್ರು! ಯಾರ ಆರ್ಡರೂ ಇಲ್ಲದೆ ನೀವಾಗೇ ಬರೆದ ಚಿತ್ರ ಮಾರಿದ ಮಾತ್ರಕ್ಕೆ ಕಾಪಿರೈಟ್ (ಅದನ್ನ ನಕಲು ಮಾಡೋ ಹಕ್ಕು) ಹೋಗಲ್ಲ, ಹಕ್ಕು ಕೊಟ್ಟಿದೀನಿ ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿದ್ರೆ ಮಾತ್ರ ಹೋಗೋದು. ಕಾಪಿರೈಟ್ ಬಗ್ಗೆ ದೇಶಗಳು ಮಾಡ್ಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಕಡೆ ಅದಕ್ಕೆ ರಿಜಿಸ್ಟರ್ ಮಾಡಿಸ್ಲೇಬೇಕು ಅಂತಾನೂ ಇಲ್ಲ. ಇದು ಗೊತ್ತಾದ ಮೇಲೆ ಅವರು ಕೂತ ರೀತಿನೇ ಸ್ವಲ್ಪ ಬದಲಾಯ್ತು.

ನಡುವೆ ಒಂದಿನ ತುಂಬಾ ಖುಷಿಯಾಗಿ ಬಂದ್ರು. ಯಾರೋ ಹೆಂಡತಿಗೆ ಗಿಫ್ಟ್ ಅಂತ ಒಟ್ಟಿಗೆ ನಾಲ್ಕೈದು ಚಿತ್ರ ಕೇಳಿದಾರೆ, ಚೆಕ್‌ನಲ್ಲಿ ಜಾಸ್ತಿ ದುಡ್ಡೇ ಹಾಕ್ತೀನಿ, ಉಳಿದಿದ್ದು ಸಾಗಿಸೋ ಏಜೆಂಟ್‌ಗೆ ಕಳಿಸಿ ಅಂದಿದಾರೆ. ನನಗೆ ಎದೆ ಧಸಕ್ ಅಂತು. ಕಲಾವಿದರಿಗೆ ಬಲೆ ಬೀಸೋ ಹಳೇ ದಾರಿ ಇದು, ಚೆಕ್ ಸುಳ್ಳು ಅಂತ ಬ್ಯಾಂಕಿಗೆ ಗೊತ್ತಾಗೋ ಹೊತ್ತಿಗೆ ನೀವು ಕಳಿಸಿದ ನಿಜವಾದ ದುಡ್ಡು ಹೋಗಿರುತ್ತೆ. ನಿಮ್ಮ ಚಿತ್ರನ ಎನ್‌ಎಫ್‌ಟಿಯಾಗಿ (ಡಿಜಿಟಲ್ ಒಡೆತನದ ಪತ್ರದ ಥರ) ತಗೋತೀನಿ, ಮೊದಲು ಗ್ಯಾಸ್ ಫೀ (ಅದನ್ನ ದಾಖಲಿಸೋ ಖರ್ಚು) ಕಟ್ಟಿ ಅನ್ನೋದೂ ಇದೇ ಜಾತಿ. ಕೊಳ್ಳೋರು ನಿಮ್ಮಿಂದ ದುಡ್ಡು ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ ಅಂದೆ. ಹೊಗಳಿಕೆಗೆ ಹಸಿದವರು ಇದಕ್ಕೆ ಬೇಗ ಸಿಗ್ತಾರೆ, ಅದು ದಡ್ಡತನ ಅಲ್ವೇ ಅಲ್ಲ.

ನಿದ್ದೆಗೆ ಹೇಳಿದ್ದು ಸಿಂಪಲ್. ಪೋಸ್ಟು, ಮೆಸೇಜು ಎಲ್ಲಾ ಸಂಜೆ ಒಂದು ಗೊತ್ತಾದ ಹೊತ್ತಲ್ಲಿ, ಫೋನ್ ಮಲಗೋ ರೂಮಿಂದ ಆಚೆ, ಬರೆಯೋ ಟೇಬಲ್ ಮೇಲೂ ಬೇಡ. ಫಾಲೋವರ್ಸ್ ಲೆಕ್ಕದ ಬದಲು ಕೊಂಡವರ ಇಮೇಲ್ ಅವರನ್ನ ಕೇಳಿ ಬರೆದಿಟ್ಕೊಳ್ಳಿ, ಆಪ್ ಬದಲಾದ್ರೂ ಆ ಪಟ್ಟಿ ನಿಮ್ಮದೇ.

ಈಗ ನಿದ್ದೆ ಪರವಾಗಿಲ್ಲ. ಮಾರಾಟ ನಿಧಾನ, ಪ್ರಿಂಟ್‌ಗಳು ಹೋಗ್ತಿವೆ, ಒರಿಜಿನಲ್ ಅಪರೂಪಕ್ಕೆ. ಇನ್ನೂ ಬರ್ತಿದಾರೆ, ಈಗಿನ ತಕರಾರು ಆರ್ಡರ್ ಕೊಟ್ಟವರು ಮತ್ತೆ ಮತ್ತೆ ಚೇಂಜ್ ಕೇಳೋದು. ಅರ್ಧ ಅಡ್ವಾನ್ಸ್, ಸ್ಕೆಚ್ ಹಂತದಲ್ಲಿ ಎರಡು ಸಲ ಬದಲಾವಣೆ, ಆಮೇಲಿನದಕ್ಕೆ ಎಕ್ಸ್‌ಟ್ರಾ ದುಡ್ಡು ಅಂತ ಮೊದಲೇ ಬರೆದು ಕಳಿಸಿ ಅಂದಿದೀನಿ, ಮುಂದಿನ ಸಲ ಆ ಮೆಸೇಜನ್ನ ಅವರೇ ಬರ್ಕೊಂಡು ಬರ್ಬೇಕು.