ಚೋಕ್ ಬಿಟ್ಟೊಡನೆ ನಿಲ್ಲುವ ಹುಲ್ಲು ಕತ್ತರಿಸುವ ಯಂತ್ರ
ಚಳಿಗಾಲವಿಡೀ ಮೂಲೆಯಲ್ಲಿದ್ದ ಯಂತ್ರ ಈಗ ಚೋಕ್ (ಇಂಜಿನ್ನಿಗೆ ಹೋಗುವ ಗಾಳಿ ತಗ್ಗಿಸುವ ಲಿವರ್) ಎಳೆದರೆ ಮಾತ್ರ ಓಡುತ್ತದೆ, ಬಿಟ್ಟೊಡನೆ ನಿಲ್ಲುತ್ತದೆ ಎಂದಿದ್ದೀರಿ. ಹಾಗಾದರೆ ಸ್ಪಾರ್ಕ್ ಪ್ಲಗ್ಗಿಗೆ ಹಣ ಸುರಿಯಬೇಡಿ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗುತ್ತದೆ, ಅದರಲ್ಲಿನ ಎಥನಾಲ್ ನಿಮ್ಮ ಮಡಿಕೇರಿಯ ತೇವವನ್ನೂ ಹೀರುತ್ತದೆ.

ಮೊದಲು ಪ್ಲಗ್ಗಿನ ಕ್ಯಾಪ್ ಕಳಚಿಡಿ. ದಯವಿಟ್ಟು ಇದನ್ನು ಮರೆಯಬೇಡಿ, ಬ್ಲೇಡ್ ತಿರುಗಿದರೆ ಬೆರಳು ಉಳಿಯದು. ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು, ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ. ಜೆಟ್ಟನ್ನು ಬೆಳಕಿಗೆ ಹಿಡಿದರೆ ದುಂಡಗಿನ ತೂತು ಕಾಣಬೇಕು. ಕಾಣದಿದ್ದರೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಯಾವುದಾದರೂ ಹಳೆಯ ಕರೆಂಟ್ ವೈರಿನೊಳಗಿನ ಒಂದು ತಾಮ್ರದ ಎಳೆಯಿಂದ ಬಿಡಿಸಿ. ಸೂಜಿ ಖಂಡಿತ ಬೇಡ. ಹಿತ್ತಾಳೆಯ ತೂತು ಹಿಗ್ಗಿದರೆ ಇಂಜಿನ್ ಪೆಟ್ರೋಲ್ ಕುಡಿಯತೊಡಗುತ್ತದೆ. ಯಂತ್ರವನ್ನು ಓರೆ ಮಾಡುವಾಗ ಏರ್ ಫಿಲ್ಟರ್ ಮೇಲಕ್ಕಿರಲಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಹುಲ್ಲು ಕಾಯುವುದಿಲ್ಲ, ಈ ವಾರವೇ ಮುಗಿಸಿಕೊಳ್ಳಿ.